ಚಂದಾ ಆಟಗಳು

ಟ್ಯಾಬ್ಲೆಟ್ಟಿನಲ್ಲಿ ಆಡತಕ್ಕ ಆಟಗಳನ್ನು ಬಿಡಿಬಿಡಿಯಾಗಿ ಮಾರದೆ, ತಿಂಗಳ ಚಂದಾಕ್ಕೆ ಒಟ್ಟಾಗಿ ಒದಗಿಸುವ ವ್ಯಾಪಾರವು ನಮ್ಮ ಪಟ್ಟಣಗಳ ಮನೆಗಳನ್ನು ಹೊಕ್ಕು ಕೆಲವು ವರ್ಷಗಳು ಸಂದಿವೆ. ಆಪಲ್ ಕಂಪನಿಯವರು 2019ನೆಯ ಇಸವಿ ಸೆಪ್ಟೆಂಬರಿನಲ್ಲಿ ‘ಆಪಲ್ ಆರ್ಕೇಡ್’ ಎಂಬ ಹೆಸರಿನಿಂದ ಇದನ್ನು ಪ್ರಾರಂಭಿಸಿದರು. ಆಗ ಅಮೆರಿಕದಲ್ಲಿ ತಿಂಗಳಿಗೆ 4.99 ಡಾಲರು, ನಮ್ಮಲ್ಲಿ 99 ರೂಪಾಯಿ ಎಂದು ಗೊತ್ತುಮಾಡಿದರು. ಗೂಗಲ್ ಕಂಪನಿಯವರ ‘ಪ್ಲೇ ಪಾಸ್’ 2022ರಲ್ಲಿ ಅದೇ 99 ರೂಪಾಯಿಗೆ ಇಲ್ಲಿಗೆ ಬಂದಿತು. ಆಟವೆಂಬುದು ಹುಡುಗರ ಮಾತು, ಈ ಅಂಕಣಕ್ಕೆ ತಕ್ಕ ವಿಷಯವೇ ಎಂದು ಕೆಲವರು ವಾಚಕರು ಹುಬ್ಬು ಗಂಟಿಕ್ಕಬಹುದು. ಮನೆಯ ಹಣವೂ ಮಕ್ಕಳ ಹೊತ್ತೂ ಎಲ್ಲಿ ವೆಚ್ಚವಾಗುತ್ತಿವೆಯೋ ಅಲ್ಲಿ ನಮ್ಮ ದೃಷ್ಟಿಯೂ ಹೋಗುವುದು ನ್ಯಾಯವೆಂದೇ ನಾವು ಬಗೆಯುತ್ತೇವೆ.

ಈ ಪದ್ಧತಿಯ ಗುಣವನ್ನು ಅರಿಯಬೇಕಾದರೆ ಅದಕ್ಕೆ ಎದುರಾಗಿ ನಿಂತಿರುವ ‘ಉಚಿತ’ ಆಟದ ರೀತಿಯನ್ನು ಮೊದಲು ಅರಿಯಬೇಕು. ಉಚಿತವೆಂದು ಕರೆದು ಒಳಗೆ ಬಿಟ್ಟುಕೊಳ್ಳುವರು. ಮೊದಲ ಕೆಲವು ಹಂತಗಳು ಸಲೀಸಾಗಿ ಸಾಗುವುವು. ಅನಂತರ ‘ಪ್ರಾಣ’ ಮುಗಿಯಿತೆಂದು ಆಟ ನಿಲ್ಲುವುದು. ಕಾಯಬೇಕು, ಇಲ್ಲವೆ ಜಾಹೀರಾತು ನೋಡಬೇಕು, ಇಲ್ಲವೆ ನಿಜವಾದ ಹಣ ತೆತ್ತು ಸುಳ್ಳು ನಾಣ್ಯಗಳ ಚೀಲವನ್ನು ಕೊಳ್ಳಬೇಕು. ಆ ನಾಣ್ಯಕ್ಕೂ ರೂಪಾಯಿಗೂ ಇರುವ ಲೆಕ್ಕವು ಶಾನುಭೋಗರಿಗೇ ಒಡನೆ ಹತ್ತದು. ಎಂಟು ವರ್ಷದ ಹುಡುಗನಿಗೆ ಹತ್ತುವುದೆಂತು? ಇದು ಹಳಬರ ಗೊಣಗಾಟವಲ್ಲ. ಆಪಲ್ ಕಂಪನಿಯವರೇ 2014ರ ಜನವರಿಯಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮುಂದೆ, ಮಕ್ಕಳು ಹೀಗೆ ಕೊಂಡದ್ದಕ್ಕಾಗಿ ಕನಿಷ್ಠ 3 ಕೋಟಿ 25 ಲಕ್ಷ ಡಾಲರುಗಳನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಬೇಕಾಯಿತು. ತಂದೆತಾಯಿಗಳು ಒಮ್ಮೆ ಗುಪ್ತಪದವನ್ನು ಒತ್ತಿದರೆ ಮುಂದಿನ 15 ನಿಮಿಷಗಳವರೆಗೆ ಮಕ್ಕಳು ತಡೆಯಿಲ್ಲದೆ ಕೊಳ್ಳಬಹುದೆಂಬುದನ್ನು ಅವರಿಗೆ ತಿಳಿಸಿರಲಿಲ್ಲವೆಂಬುದು ಅಲ್ಲಿನ ಆಪಾದನೆ. 2022ರ ಡಿಸೆಂಬರಿನಲ್ಲಿ ‘ಫೋರ್ಟ್‌ನೈಟ್’ ಆಟದ ಒಡೆಯರಾದ ಎಪಿಕ್ ಗೇಮ್ಸ್ ಕಂಪನಿಯವರು ಇಂಥದೇ ಆಪಾದನೆಗಾಗಿ 24 ಕೋಟಿ 50 ಲಕ್ಷ ಡಾಲರುಗಳನ್ನು ಗ್ರಾಹಕರಿಗಾಗಿ ಕಟ್ಟಲು ಒಪ್ಪಿದರು.

ಇದರ ಪಕ್ಕದಲ್ಲಿಟ್ಟು ನೋಡಿದರೆ ಚಂದಾ ಆಟವು ಮರ್ಯಾದೆಯ ವ್ಯಾಪಾರವೆಂದು ಹೇಳಲೇಬೇಕು. ಆರ್ಕೇಡಿನ 200ಕ್ಕೂ ಹೆಚ್ಚಿನ ಆಟಗಳಲ್ಲಿ ಜಾಹೀರಾತಿಲ್ಲ, ಒಳಗೆ ಹೊಕ್ಕ ಮೇಲೆ ಮತ್ತೇನನ್ನೂ ಕೊಳ್ಳಬೇಕಾಗಿಲ್ಲ. ಒಂದು ಚಂದಾದಲ್ಲಿ ಮನೆಯ ಆರು ಮಂದಿ ಆಡಬಹುದು. ಚಂದಾದಾರನು ತಿಂಗಳಿಗೆ ಒಂದು ಗಂಟೆ ಆಡಿದರೂ ನೂರು ಗಂಟೆ ಆಡಿದರೂ ತೆರುವ ಹಣ ಅಷ್ಟೆ.

ನಮ್ಮ ಶಾಸನವೂ ಈ ಭೇದವನ್ನು ಗುರುತಿಸಿದೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರದವರು 2021ರಲ್ಲಿ ಪೊಲೀಸ್ ಕಾನೂನಿಗೆ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಮಾಡಿತು. ಬಳಿಕ ಸಂಸತ್ತು 2025ರ ಆಗಸ್ಟಿನಲ್ಲಿ ಆನ್‌ಲೈನ್ ಆಟಗಳ ಕಾನೂನನ್ನು ಅಂಗೀಕರಿಸಿತು. ಹಣದ ಆಟವನ್ನು ನಿಷೇಧಿಸಿದ ಆ ಕಾನೂನೇ, ಪಣವಲ್ಲದ ಚಂದಾ ಹಣವನ್ನು ಪಡೆದು ವಿನೋದದ ಆಟ ಒದಗಿಸುವುದಕ್ಕೆ ಅಡ್ಡಿಯಿಲ್ಲವೆಂದು ಹೇಳುತ್ತದೆ. ಈ ವಿವೇಚನೆ ನಮಗೆ ಒಪ್ಪಿಗೆಯಾಗಿದೆ.

ಹಾಗಿದ್ದರೆ ನಮ್ಮ ಆಕ್ಷೇಪಣೆಯೇನು? ಚಂದಾದಾರನ ಕೈಯಲ್ಲಿ ಕೊನೆಗೆ ಏನೂ ಉಳಿಯದೆಂಬುದೇ. ಮೂರು ವರ್ಷ ಹಣ ತೆತ್ತವನು ನಾಲ್ಕನೆಯ ವರ್ಷ ನಿಲ್ಲಿಸಿದರೆ, ಇಳಿಸಿಕೊಂಡಿದ್ದ ಆಟಗಳು ಟ್ಯಾಬ್ಲೆಟ್ಟಿನಲ್ಲಿಯೇ ಇದ್ದರೂ ತೆರೆಯುವುದಿಲ್ಲ. ಅದು ಬಾಡಿಗೆಯ ಧರ್ಮ, ಇರಲಿ. ಆದರೆ ಚಂದಾ ಸಲ್ಲಿಸುತ್ತಿರುವಾಗಲೇ ಆಟವು ಕಣ್ಮರೆಯಾದರೆ? 2022ರ ಜುಲೈಯಲ್ಲಿ ಆರ್ಕೇಡಿನವರು ‘ಶೀಘ್ರದಲ್ಲೇ ಹೊರಡುವುವು’ ಎಂದು 15 ಆಟಗಳ ಪಟ್ಟಿಯನ್ನು ತೂಗುಹಾಕಿದರು. ಮೊದಲೇ ಇಳಿಸಿಕೊಂಡವರಿಗೆ, ಆಟ ಹೊರಟ ಮೇಲೆ ಕನಿಷ್ಠ ಎರಡು ವಾರಗಳ ಅವಕಾಶ ಮಾತ್ರ. ಬಾಡಿಗೆಯ ಮನೆಯನ್ನು ಬಿಡಿಸುವವನೂ ಇದಕ್ಕಿಂತ ದೀರ್ಘವಾದ ನೋಟೀಸು ಕೊಡುತ್ತಾನೆ. ಬೆಲೆಯೂ ಬಾಡಿಗೆಯಂತೆಯೇ, ಅಮೆರಿಕದಲ್ಲಿ 2023ರ ಅಕ್ಟೋಬರಿನಲ್ಲಿ ಅದನ್ನು 6.99 ಡಾಲರಿಗೆ ಏರಿಸಿದರು.

ಚೌಕಾಬಾರದ ಮಣೆ, ಅಳಗುಳಿಯ ಮಣೆ ನಮ್ಮ ಅಟ್ಟಗಳಲ್ಲಿ ಇನ್ನೂ ದೊರೆಯುತ್ತವೆ; ಅಜ್ಜಿ ಆಡಿದ ಮಣೆಯಲ್ಲಿ ಮೊಮ್ಮಗಳು ಆಡಬಲ್ಲಳು. ಮುಮ್ಮಡಿ ಕೃಷ್ಣರಾಜ ಒಡೆಯರವರಂತೂ ಮಣೆಯಾಟಗಳನ್ನು ಸ್ವತಃ ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಆಟಗಳ ವಿವರವನ್ನು ಬರೆಯಿಸಿಟ್ಟರು. ಅರಸರು 1868ರಲ್ಲಿ ಗತಿಸಿದರೂ ಆಟದ ಕ್ರಮವನ್ನು ಓದಿ ತಿಳಿಯಲು ಇಂದಿಗೂ ಯಾರ ಅಪ್ಪಣೆಯೂ ಬೇಡ. ಕಂಪನಿಯ ಪಟ್ಟಿಯಿಂದ ಜಾರಿದ ಆಟಕ್ಕೆ ಈ ಭಾಗ್ಯವಿಲ್ಲ. ಅದನ್ನು ರಚಿಸಿದವರು ಬೇರೆ ಅಂಗಡಿಯಲ್ಲಿಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಜಾಹೀರಾತಿಲ್ಲವೆಂದ ಮಾತ್ರಕ್ಕೆ ಹೊತ್ತಿನ ನಷ್ಟವಿಲ್ಲವೆಂದು ಹಿರಿಯರು ಮೈಮರೆಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಯಂತ್ರಸಾಧನಗಳ ಅತಿಬಳಕೆಗಾಗಿಯೇ ‘ಷಟ್’ ಎಂಬ ಚಿಕಿತ್ಸಾಲಯವನ್ನು 2014ರಲ್ಲಿ ತೆರೆಯಬೇಕಾಯಿತು. ದಿನಕ್ಕೆ ಇಷ್ಟೇ ಹೊತ್ತೆಂದು ಬೀಗ ಹಾಕುವ ಏರ್ಪಾಡು ಟ್ಯಾಬ್ಲೆಟ್ಟಿನಲ್ಲಿಯೇ ಇದೆ. ಅದರ ಗುಪ್ತಪದವನ್ನು ಮಗನಿಂದಲೇ ಹಾಕಿಸುವ ತಂದೆಗಳೂ ಇದ್ದಾರೆ. ಅವರಿಗೆ ಏನು ಹೇಳೋಣ!

ಸರ್ಕಾರದಿಂದ ಆಗಬೇಕಾದ ಕೆಲಸ ಸ್ವಲ್ಪವೇ ಇದೆ. ಮೊದಲ ತಿಂಗಳು ಉಚಿತವೆಂದು ಸೇರಿಸಿಕೊಂಡು, ಮರೆತವನಿಂದ ಎರಡನೆಯ ತಿಂಗಳಿನಿಂದ ಹಣ ಮುರಿದುಕೊಳ್ಳುವುದು ಈ ವ್ಯಾಪಾರದ ರೂಢಿ. ಕಾರ್ಡಿನಿಂದ ಹೀಗೆ ತಿಂಗಳುತಿಂಗಳೂ ಹಣ ತೆಗೆಯುವವರು 24 ಗಂಟೆಗಳ ಮುಂಚೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನವರು 2021ರ ಅಕ್ಟೋಬರಿನಿಂದ ಕಡ್ಡಾಯ ಮಾಡಿದ್ದಾರೆ. ಸೇರುವುದು ಸುಲಭ, ಬಿಡುವುದು ಕಷ್ಟವೆಂಬ ‘ಚಂದಾ ಬಲೆ’ಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2023ರ ನವೆಂಬರಿನಲ್ಲಿ ನಿಷಿದ್ಧವಾದ 13 ತಂತ್ರಗಳಲ್ಲಿ ಒಂದಾಗಿ ಎಣಿಸಿದರು. ಉಳಿದಿರುವುದು ವಸ್ತುವು ನಡುವೆಯೇ ಮಾಯವಾಗುವ ಪ್ರಶ್ನೆ. ಕೊಂಡದ್ದು ಸ್ವತ್ತಲ್ಲ, ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ಹೇಳಬೇಕೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 2025ರ ಆರಂಭದಿಂದ ಜಾರಿಯಲ್ಲಿದೆ, ಆದರೆ ಚಂದಾ ಸೇವೆಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮವರು ಆ ಲೋಪವನ್ನು ಅನುಕರಿಸಬೇಕಾಗಿಲ್ಲ. ಪಟ್ಟಿಯಿಂದ ತೆಗೆಯುವ ಆಟದ ಹೆಸರನ್ನು ಮೂರು ತಿಂಗಳು ಮುಂಚಿತವಾಗಿ ಪ್ರತಿಯೊಬ್ಬ ಚಂದಾದಾರನಿಗೂ ತಿಳಿಸತಕ್ಕದ್ದೆಂದೂ, ಚಂದಾ ಪಡೆಯುವ ಪುಟದಲ್ಲಿಯೇ ಈ ಷರತ್ತನ್ನು ದಪ್ಪಕ್ಷರದಲ್ಲಿ ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಕಾಣಿಸತಕ್ಕದ್ದೆಂದೂ ಪ್ರಾಧಿಕಾರದವರು ವಿಧಿಸಬೇಕು. ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ; ಮಾರ್ಗಸೂಚಿಗಳನ್ನು ಹೊರಡಿಸುವ ಅಧಿಕಾರವು 2019ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಕಾನೂನಿನ 18ನೆಯ ವಿಧಿಯ ಪ್ರಕಾರ ಈಗಾಗಲೇ ಅವರಿಗಿದೆ.