ಹಳೆ ವಯರಿಂಗ್ ಮತ್ತು ಮನೆ ವಿಮೆ

ದಹಿಸರ್‌ನ ಹಳೆಯ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗ ಬಂಧುಗಳು ಗಮನಿಸಬೇಕಾದ ವಿಷಯವಿದು. ಹಿಂದೆ ತಾಮ್ರ ದುಬಾರಿಯೆಂದು ಅನೇಕ ಮನೆಗಳಿಗೆ ಅಲ್ಯುಮಿನಿಯಂ ತಂತಿ ಹಾಕಲಾಗಿತ್ತು. ಅದರ ಜೋಡಣೆಗಳು ಕ್ರಮೇಣ ಸಡಿಲಗೊಂಡು ಬಿಸಿಯೇರುತ್ತವೆ. ಎ.ಸಿ., ಗೀಸರ್‌ಗಳ ಹೊರೆ ಬಿದ್ದರೆ ಬೆಂಕಿಯ ಭಯ ತಪ್ಪಿದ್ದಲ್ಲ.

2021ರ ಎಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿಯಿಂದಾದ ನಷ್ಟವನ್ನು ಭರಿಸುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟ ಆ ಉಪಕರಣಕ್ಕೆ ಪರಿಹಾರವಿಲ್ಲ. ಅಲ್ಲಿಂದ ಹರಡಿದ ಬೆಂಕಿಯ ಹಾನಿಗೆ ಉಂಟು. ಸೊಸೈಟಿಯ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕಷ್ಟೇ. ಮನೆಯೊಳಗಿನ ಸಾಮಾನಿಗೆ ನಾವೇ ಪಾಲಿಸಿ ಮಾಡಿಸಬೇಕು. ಅರ್ಜಿಯಲ್ಲಿ ಕೇಳಿದ್ದನ್ನು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾದೀತು.

ಪರವಾನಗಿಯುಳ್ಳ ಇಲೆಕ್ಟ್ರಿಷಿಯನ್‌ರಿಂದ ತಪಾಸಣೆ ಮಾಡಿಸಿ, ಬಿಲ್ಲನ್ನು ಜೋಪಾನವಾಗಿಡಿ. ನಮ್ಮ ಸಂಘಗಳು ಸನ್ಮಾನ ಸಮಾರಂಭಗಳ ಜೊತೆಗೆ ಇಂತಹ ಮಾಹಿತಿ ಶಿಬಿರಗಳನ್ನೂ ಏರ್ಪಡಿಸಲಿ. ಹೋಟೆಲು, ಕ್ಯಾಂಟೀನುಗಳಲ್ಲಿ ಬೆವರು ಸುರಿಸಿ ಕೊಂಡ ಮನೆ ಒಂದು ಸಡಿಲ ತಂತಿಗೆ ಬಲಿಯಾಗಬಾರದು.