ಹಂಪಿಗೆ ಅವ್ವನ ಜೋಡಿ

2005ರ ‘ದಿ ಮಿಥ್’ ಚಿತ್ರಕ್ಕೆ ಜಾಕಿ ಚಾನ್ ಹಂಪಿಯಲ್ಲಿ ಜಿಗಿದು ಹೋದ. ಅಂವಾ ಹೀರೋ, ಎಲ್ಲಿ ಮಲಗಿದರೂ ನಡೀತದ. ನನ್ನ ಜೋಡಿ ಅವ್ವ, ಅಕ್ಕ, ಅಕ್ಕನ ಎರಡು ಹುಡುಗರು! ಅವ್ವ ಎಪ್ಪತ್ತು ದಾಟಿದಾಕಿ, ಇವತ್ತಿಗೂ ಲಾಡ್ಜಿನ ಮಂಚ ಕಂಡಿಲ್ಲ. ಮಂಡಿ ಪೂರ್ತಿ ಕೈಕೊಡೂದರೊಳಗ ವಿರೂಪಾಕ್ಷನ್ನ ನೋಡಬೇಕಂತ ಹಟ.

ರೂಮು ಎಲ್ಲಿ ಹಿಡಿಯೂದು? ‘ಹೊಳಿ ದಾಟಿ ವಿರೂಪಾಪುರ ಗಡ್ಡಿಗೆ ಹೋಗಲೇ’ ಅಂದರು ನಮ್ಮ ಗಾಂಧಿ ಕ್ಲಾಸ್ ಗೆಳೆಯರು. ಅಲ್ಲಿನ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲೇ ಕೆಡವಿದ್ದಾರೆ, ಮಹರಾಯರಾ! ಗುಡಿ ಪಕ್ಕದ ಹೋಮ್‌ಸ್ಟೇ ಚಲೋ, ಗಂಟೆ ಸದ್ದೂ ಕೇಳ್ತದ. ಆದರೆ ನಾನು ವಿಚಾರಿಸಿದಲ್ಲಿ ಖಾಲಿ ಇದ್ದದ್ದು ಮಾಳಿಗೆ ರೂಮು. ಆ ಕಡಿದಾದ ಮೆಟ್ಟಿಲು ಅವ್ವನ್ನ ಹತ್ತಿಸುವ ಸ್ಟಂಟ್ ಮಾಸ್ಟರ್ ಯಾರು? ಹೊಸಪೇಟೆಯಲ್ಲಿ ಲಾಡ್ಜು ಬೇಕಾದಷ್ಟು. ಹಂಪಿಗೆ ಮಾತ್ರ ಸುಮಾರು 13 ಕಿ.ಮೀ. ಮಧ್ಯಾಹ್ನ ಬಿಸಿಲೇರಿದಾಗ ಮುದುಕಿ ಒಂದು ತಾಸು ಒರಗಬೇಕಂದರೆ ಅಷ್ಟು ದೂರ ಹೋಗಿ ಬರೂದಾ?

ನನ್ನ ಓಟು ಕಮಲಾಪುರಕ್ಕೆ. ಗುಡಿಗೆ 4-5 ಕಿ.ಮೀ., ಆಟೋ ಸಿಗ್ತದ. ಸರ್ಕಾರದ ಮಯೂರ ಭುವನೇಶ್ವರಿ ಹೋಟೆಲೂ ಅಲ್ಲೇ. ಫೋನಿನಲ್ಲಿ ಏಸಿ, ಟೀವಿ ಎಲ್ಲ ಆಮೇಲೆ ಕೇಳಿ ಮಿತ್ರರೇ, ‘ಕೆಳಗಿನ ರೂಮು ಐತೇನ್ರೀ?’ ಅಂತ ಮೊದಲು ಕೇಳಿ.

ಐತವಾರ ಹುಬ್ಬಳ್ಳಿ ಸ್ಟೇಷನ್ನಿಂದ ಹೊರಡ್ತೀವಿ. ಅವ್ವ ಈಗಲೇ ಶೇಂಗಾ ಹುರಿಯಾಕ ಹತ್ಯಾಳ.