ಗಿಟಾರಿನ ಹೊಟ್ಟೆಯೊಳಗೊಂದು ಮರದ ತುಂಡು

1981ರಲ್ಲಿ ಶಂಕರ್‌ನಾಗ್ ‘ಗೀತಾ’ಕ್ಕೆ ಸಂಗೀತ ಕೊಟ್ಟ ಇಳಯರಾಜ, ಅದಕ್ಕೂ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು! ಗಿಟಾರಿನವರಿಗೆ ಮಾತ್ರ ಇವತ್ತಿಗೂ ವೇದಿಕೆಯ ಮೂಲೆಯೇ ಗತಿ.

ಕಳೆದ ರಾಜ್ಯೋತ್ಸವಕ್ಕೆ ದೊಡ್ಡಬಳ್ಳಾಪುರದ ರಸಮಂಜರಿಯೊಂದರಲ್ಲಿ ನಾನು ಕಂಡದ್ದು ಹಳೇ ಮಾದರಿಯ ಗಿಟಾರ್. ಎದೆ ಮೇಲೆ ಪಿಟೀಲಿನ ಹಾಗೆ ‘ಎಫ್’ ಆಕಾರದ ಎರಡು ಸೀಳು. 1958ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ತಂದ ಇಎಸ್-335ರ ವಂಶ. ಪೂರ್ತಿ ಟೊಳ್ಳು ಗಿಟಾರಾದರೆ ಸ್ಪೀಕರಿನ ಸದ್ದು ಅದರ ಹೊಟ್ಟೆ ಹೊಕ್ಕು, ತಂತಿ ನಡುಗಿಸಿ, ಮತ್ತೆ ಸ್ಪೀಕರಿಗೇ ಹೋಗಿ ‘ಕುಂಯ್ಯ್’ ಅಂತ ಊಳಿಡುತ್ತೆ. ನಮ್ಮ ರಸಮಂಜರಿ ಸ್ಪೀಕರುಗಳ ಅಬ್ಬರ ಗೊತ್ತಲ್ಲ! ಇದರಲ್ಲಿ ನಡುವೆ ಉದ್ದಕ್ಕೂ ಗಟ್ಟಿ ಮರ, ಪಕ್ಕಗಳಷ್ಟೇ ಟೊಳ್ಳು. ಹಾಗಾಗಿ ಊಳು ಕಡಿಮೆ, ದನಿ ಬೆಚ್ಚಗೆ. ಕೊಳ್ಳೋ ಆಸೆಯಿರೋ ಗೆಳೆಯರೇ, ಸೀಳು ನೋಡಿ ಮರುಳಾಗಬೇಡಿ. ಒಳಗೆ ಮರ ಇದೆಯಾ ಅಂತ ಕೇಳಿ, ಸ್ಪೀಕರ್ ಮುಂದೆ ನಿಂತು ಜೋರಾಗಿ ನುಡಿಸಿ ನೋಡಿ.

ಅಂದು ಗಾಯಕನಿಗೆ ಶಿಳ್ಳೆಯೋ ಶಿಳ್ಳೆ. ಪೋಸ್ಟರಿನಲ್ಲಿ ಅವನ ಫೋಟೋ, ದುಡ್ಡು ಕೊಟ್ಟವರ ಫೋಟೋ, ಅವರ ಅಳಿಯನ ಫೋಟೋ... ಗಿಟಾರಿನ ಹುಡುಗನ ಹೆಸರು ಹುಡುಕಿದರೂ ಇಲ್ಲ! ಈ ನವೆಂಬರಿನಲ್ಲಿ ಅವನ ಹೆಸರಿಗೂ ಒಂದು ಶಿಳ್ಳೆ ಹಾಕ್ರಪ್ಪಾ. ಗೊತ್ತಿಲ್ಲದಿದ್ರೆ ವೇದಿಕೆ ಹಿಂದೆ ಹೋಗಿ ಕೇಳಿ, ವೈರು ಸುತ್ತುತ್ತಾ ಕೂತಿರ್ತಾನೆ.